ಕುದುರೆಮುಖದ ದಾರಿ ಯಾರದ್ದು?

ಶನಿವಾರ ಬಂತೆಂದರೆ ಮಂಗಳೂರಿನಿಂದ ಕುದುರೆಮುಖ ಹತ್ತಲು ಹೊರಡುವ ಯುವಜನರ ದಂಡೇ ಉಂಟು. ಹೋಗಿ, ತಪ್ಪೇನಿಲ್ಲ. 1,890 ಮೀಟರಿಗೂ ಎತ್ತರದ ಶಿಖರ, ಶೋಲಾ ಕಾಡು, ಮಂಜು, ಎಲ್ಲವೂ ನೋಡಬೇಕಾದದ್ದೇ. ಆದರೆ ತುದಿಯಲ್ಲಿ ಸೆಲ್ಫಿ ತೆಗೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಮಲೆಯಲ್ಲಿ ಮೊದಲು ಕಾಲುದಾರಿ ಮಾಡಿದವರು ಯಾರು?

ಬೆಳ್ತಂಗಡಿ, ಕಾರ್ಕಳ ಕಡೆಯ ಘಟ್ಟದ ಬುಡದಲ್ಲಿ ಮಲೆಕುಡಿಯರಿದ್ದಾರೆ. ಜೇನು, ಸೀಗೆ, ರಾಮಪತ್ರೆ ಹೊತ್ತು ಏರು ಹತ್ತಿ ಇಳಿದ ಆದಿವಾಸಿಗಳು ಇವರು. ನಮಗೆ ಅದು ಸಾಹಸ, ಅವರಿಗೆ ಹೊಟ್ಟೆಪಾಡು.

ಈಗ ಇಸವಿಗಳನ್ನು ನೋಡಿ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿ ಹುಟ್ಟಿತು. ಬೆಟ್ಟ ಅಗೆದು, ಅದಿರನ್ನು ನೀರಿನಲ್ಲಿ ಕಲಸಿ, ಸುಮಾರು 67 ಕಿ.ಮೀ. ಪೈಪಿನಲ್ಲಿ ನಮ್ಮ ಪಣಂಬೂರಿಗೇ ತಂದರು. 1987ರಲ್ಲಿ ರಾಷ್ಟ್ರೀಯ ಉದ್ಯಾನದ ಅಧಿಸೂಚನೆ ಬಂತು. ಗಣಿ ನಿಂತದ್ದು ಮಾತ್ರ 2005ರ ಕೊನೆಗೆ, ಅದೂ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಅಂದರೆ ಯಂತ್ರಗಳಿಗೆ 18 ವರ್ಷ ಸಮಯ ಸಿಕ್ಕಿತು. ಕಾಡನ್ನೇ ನಂಬಿದವರಿಗೆ ಸಿಕ್ಕಿದ್ದು "ಪರಿಹಾರ ತಗೊಂಡು ಹೊರಡಿ" ಎಂಬ ಮಾತು. ರಸ್ತೆ, ಕರೆಂಟು ಕೇಳಿದರೆ ಅರಣ್ಯ ಕಾನೂನು ಅಡ್ಡ.

ಕೇಳಿದ್ದಕ್ಕೆ ಏನಾಯ್ತು? ಉದ್ಯಾನದೊಳಗಿನ ಕುತ್ಲೂರಿನ ವಿಠ್ಠಲ ಮಲೆಕುಡಿಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದರು. 2012ರಲ್ಲಿ ಅವರನ್ನೂ ಅವರ ತಂದೆಯನ್ನೂ ನಕ್ಸಲ್ ನಂಟಿನ ಆರೋಪದಲ್ಲಿ ಬಂಧಿಸಿದರು. ಸಾಕ್ಷ್ಯ ಅಂತ ತೋರಿಸಿದ್ದರಲ್ಲಿ ಭಗತ್ ಸಿಂಗ್ ಪುಸ್ತಕ, ಪತ್ರಿಕೆಯ ತುಣುಕುಗಳು, ಊರಿಗೆ ಮೂಲಸೌಕರ್ಯ ಸಿಗುವ ತನಕ ಚುನಾವಣೆ ಬಹಿಷ್ಕರಿಸಬೇಕೆಂಬ ಪತ್ರ ಇದ್ದವು. 2021ರಲ್ಲಿ ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿತು. ಅಷ್ಟರಲ್ಲಿ ಒಂಬತ್ತು ವರ್ಷ ಹೋಗಿತ್ತು. ಅದನ್ನು ಯಾರು ಹಿಂದೆ ಕೊಡ್ತಾರೆ?

2006ರ ಅರಣ್ಯ ಹಕ್ಕು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ: ಹಕ್ಕಿನ ಪರಿಶೀಲನೆ ಮುಗಿಯುವ ತನಕ ಅರಣ್ಯವಾಸಿಗಳನ್ನು ಒಕ್ಕಲೆಬ್ಬಿಸುವಂತಿಲ್ಲ. ಆ ಹಕ್ಕು ತೀರ್ಮಾನದ ಕೆಲಸ ಶುರುವಾಗುವುದೇ ಗ್ರಾಮಸಭೆಯಿಂದ. ಇದು ಯಾರ ದಯೆಯೂ ಅಲ್ಲ.

1927ರಲ್ಲಿ ಬಾಬಾಸಾಹೇಬರು ಮಹಾಡಿನ ಕೆರೆಗೆ ನಡೆದದ್ದು ಬರೀ ನೀರಿಗಲ್ಲ, ಸಮಾನ ಮನುಷ್ಯರು ಅನ್ನಿಸಿಕೊಳ್ಳುವುದಕ್ಕೆ. ಕೆರೆಯ ಮೆಟ್ಟಿಲಾಗಲಿ, ಮಲೆಯ ಕಾಲುದಾರಿಯಾಗಲಿ, ಜಗಳ ಒಂದೇ. ದಲಿತರಾದ ನಾವು ಇದನ್ನು "ಅವರ ಸಮಸ್ಯೆ" ಅಂತ ಬಿಡುವ ಹಾಗಿಲ್ಲ.

ಮುಂದಿನ ಸಲ ಹತ್ತುವಾಗ ಬುಡದ ಮನೆಯವರನ್ನು ಮಾತಾಡಿಸಿ. ನೀರು ಕೇಳುವ ಜೊತೆಗೆ, "ನಿಮ್ಮ ಹಕ್ಕುಪತ್ರ ಬಂತಾ?" ಅಂತಲೂ ಕೇಳಿ. ಬಂದಿಲ್ಲ ಅಂದರೆ ಆ ಕಡತ ಎಲ್ಲಿ ನಿಂತಿದೆ ಅಂತ ವಿಚಾರಿಸಲು ಅವರ ಜೊತೆ ಹೋಗೋಣ.

ಜೈ ಭೀಮ್.