ಪಿಕಪ್ಪಿನ ಮೈಗೆ ಕಾರಿನ ಅಂಗಿ: ಹಳೆಯ ಟಾಟಾ ಎಸ್ಟೇಟ್‌ನ ಎರಡನೇ ಬದುಕು

ಮಾರಾಟಕ್ಕಿರುವ ಹಳೆಯ ಟಾಟಾ ಎಸ್ಟೇಟ್ ನೋಡಲು ಹೋದವರು ಸಾಮಾನ್ಯವಾಗಿ ಮೊದಲು ಬಾನೆಟ್ ಎತ್ತುತ್ತಾರೆ. ನಿಜವಾಗಿ ಎತ್ತಬೇಕಾದ್ದು ಹಿಂದಿನ ಬಾಗಿಲು. ಎಂಜಿನ್ ಕೆಟ್ಟಿದ್ದರೆ ಅದಕ್ಕೆ ಮದ್ದಿದೆ. ಹಿಂದಿನ ಬಾಗಿಲಿನ ಕೆಳಅಂಚು ತುಕ್ಕು ತಿಂದು ಉದುರುತ್ತಿದ್ದರೆ, ಪಕ್ಕದ ಉದ್ದನೆಯ ಗಾಜು ಬಿರುಕು ಬಿಟ್ಟಿದ್ದರೆ, ಹಿಂದಿನ ದೀಪದ ಗೂಡು ಒಡೆದಿದ್ದರೆ ಮದ್ದು ಹುಡುಕುವುದು ಕಷ್ಟ. ಇಪ್ಪತ್ತೈದು ಮೂವತ್ತು ವರ್ಷ ಹಳೆಯ ಗಾಡಿಯೊಂದರಲ್ಲಿ ಹೃದಯ ಸುಲಭಕ್ಕೆ ಸಿಗುತ್ತದೆ, ಚರ್ಮ ಸಿಗುವುದಿಲ್ಲ. ಹೀಗೇಕೆ ಎನ್ನುವುದಕ್ಕೆ ಉತ್ತರ ಆ ಕಾರು ಹುಟ್ಟಿದ ರೀತಿಯಲ್ಲೇ ಇದೆ.

ನೆನಪಿಲ್ಲದವರಿಗೆ ಒಂದು ಚಿತ್ರ: ಐದು ಬಾಗಿಲಿನ, ಉದ್ದನೆಯ, ಚೌಕಾಕಾರದ ಡೀಸೆಲ್ ಗಾಡಿ. ಮುಂದಿನಿಂದ ನೋಡಿದರೆ ಟಾಟಾ ಸಿಯೆರಾ, ಹಿಂದಿನಿಂದ ನೋಡಿದರೆ ಆ ಕಾಲದ ಮರ್ಸಿಡಿಸ್ ಎಸ್ಟೇಟ್‌ನ ದೂರದ ಸಂಬಂಧಿ. 1992ರಲ್ಲಿ ಬಂತು, 2000ದ ಹೊತ್ತಿಗೆ ನಿಂತಿತು. ಅದು ರಸ್ತೆಯಲ್ಲಿದ್ದಾಗಲೂ ಜನ ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಈಗ ಅದನ್ನು ಹುಡುಕಿ ಕೊಳ್ಳುವವರಿದ್ದಾರೆ.

ಮೊದಲು ಹೆಸರಿನ ವಿಚಾರ. ‘ಎಸ್ಟೇಟ್’ ಎಂದೊಡನೆ ಕನ್ನಡದ ಕಿವಿಗೆ ಕೇಳಿಸುವುದು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟ. ಅದೇನೂ ತಪ್ಪು ಕೇಳಿಕೆಯಲ್ಲ. ಇಂಗ್ಲೆಂಡಿನಲ್ಲಿ ಈ ಬಗೆಯ ಕಾರಿಗೆ ಆ ಹೆಸರು ಬಂದದ್ದೂ ದೊಡ್ಡ ಜಮೀನುದಾರರ ಎಸ್ಟೇಟುಗಳಿಂದಲೇ. ಬೇಟೆಯ ಸಾಮಾನು, ನಾಯಿ, ಅತಿಥಿಗಳನ್ನು ಹೊತ್ತೊಯ್ಯುವ ಗಾಡಿ ಅದು. ಅಮೆರಿಕದಲ್ಲಿ ಅದೇ ವಸ್ತುವಿಗೆ ‘ಸ್ಟೇಷನ್ ವ್ಯಾಗನ್’ ಎಂಬ ಹೆಸರು, ಏಕೆಂದರೆ ಅಲ್ಲಿ ಅದರ ಮೊದಲ ಕೆಲಸ ರೈಲ್ವೆ ಸ್ಟೇಷನ್ನಿನಿಂದ ಜನರನ್ನೂ ಪೆಟ್ಟಿಗೆಗಳನ್ನೂ ಮನೆಗೋ ಹೋಟೆಲಿಗೋ ಮುಟ್ಟಿಸುವುದು. ಫೋರ್ಡ್ ಕಂಪನಿ 1929ರಲ್ಲಿ ತನ್ನ ಮಾಡೆಲ್ ಎ ಕಾರಿನಲ್ಲಿ ಮರದ ಮೈಯ ಸ್ಟೇಷನ್ ವ್ಯಾಗನ್ ಮಾಡಿ ಮಾರಿತು. ಆಮೇಲಿನ ದಶಕಗಳಲ್ಲಿ ಅದು ಅಮೆರಿಕದ ಮಧ್ಯಮ ವರ್ಗದ ಮನೆಯ ಗಾಡಿಯಾಯಿತು. ನಮ್ಮಲ್ಲಿ ಹಾಗಾಗಲಿಲ್ಲ. ಅಂಬಾಸಡರ್‌ಗೆ ಎಸ್ಟೇಟ್ ಮೈ ಹೊದಿಸಿದಾಗ ಅದು ಜನರ ಕಣ್ಣಿಗೆ ಬಿದ್ದದ್ದು ಹೆಚ್ಚಾಗಿ ಆಂಬುಲೆನ್ಸ್ ಆಗಿ. ಹಿಂದೆ ಉದ್ದವಾಗಿರುವ ಕಾರು ಎಂದರೆ ಒಳಗೆ ಯಾರೋ ಮಲಗಿದ್ದಾರೆ ಎಂದೇ ಅರ್ಥ.

ಅಂಥ ಊರಿನಲ್ಲಿ ಟೆಲ್ಕೋ ಎಸ್ಟೇಟ್ ಮಾರಲು ಹೊರಟಿತು. 1945ರಲ್ಲಿ ಜಮ್ಷೆಡ್‌ಪುರದಲ್ಲಿ ರೈಲ್ವೆ ಎಂಜಿನ್ ಮಾಡಲು ಹುಟ್ಟಿದ ಕಂಪನಿ ಅದು. 1954ರಿಂದ ಹದಿನೈದು ವರ್ಷ ಡೈಮ್ಲರ್-ಬೆನ್ಜ್ ಜತೆಗೂಡಿ ಟ್ರಕ್ ಮಾಡಿತು. ಕಾರು ಮಾಡಿದ ಅನುಭವ ಇರಲಿಲ್ಲ. ಪುಣೆಯ ಪಿಂಪ್ರಿಯ ಕಾರ್ಖಾನೆಯಿಂದ 1988ರಲ್ಲಿ ಟಾಟಾಮೊಬೈಲ್ ಎಂಬ ಪಿಕಪ್ ಹೊರಬಂತು. ಕಾರಿನ ಕಡೆಗೆ ಹೊರಟ ಕಂಪನಿ ಅದರ ಅಡಿಗಟ್ಟನ್ನೇ ಮೆಟ್ಟಿಲು ಮಾಡಿಕೊಂಡಿತು. ಅದೇ ಏಣಿಯಾಕಾರದ ಚಾಸಿಯ ಮೇಲೆ 1991ರಲ್ಲಿ ಮೂರು ಬಾಗಿಲಿನ ಸಿಯೆರಾ, ಮರುವರ್ಷ ಎಸ್ಟೇಟ್. ಹಿಂದಿನ ಚಕ್ರಕ್ಕೆ ಪಿಕಪ್ಪಿನ ಹಾಗೆಯೇ ಲೀಫ್ ಸ್ಪ್ರಿಂಗ್. ಅದರ ಮೇಲೆ ಪವರ್ ವಿಂಡೋ, ಎ.ಸಿ., ಎಂಜಿನ್ ಸುತ್ತು ತೋರಿಸುವ ಮೀಟರ್. ಪದ್ಮಿನಿ, ಅಂಬಾಸಡರ್ ಓಡಿಸಿದವರಿಗೆ ಇವೆಲ್ಲ ಆಗ ಸಿನಿಮಾದಲ್ಲಿ ಕಂಡ ವಸ್ತುಗಳು.

ಮೂರು ವರ್ಷದ ನಂತರ ನಡೆದದ್ದು ಸ್ವಲ್ಪ ತಮಾಷೆ. 1995ರಲ್ಲಿ ಟೆಲ್ಕೋದ ಅದೇ ಪುಣೆಯ ಆವರಣದಲ್ಲಿ ಅಸಲಿ ಮರ್ಸಿಡಿಸ್ ಇ-ಕ್ಲಾಸ್ ಜೋಡಣೆ ಶುರುವಾಯಿತು. ಎಸ್ಟೇಟ್‌ನ ಬೆನ್ನಿನ ಗೆರೆ ಯಾವ ಕಾರನ್ನು ನೆನಪಿಸುತ್ತಿತ್ತೋ ಅದೇ ಪೀಳಿಗೆಯ ಕಾರು ಅದು. ನಕಲು ಮೊದಲು ಬಂದು ಅಸಲಿ ಆಮೇಲೆ ಬಂದ ಹಾಗೆ.

ಎಸ್ಟೇಟ್ ಹೆಚ್ಚು ಮಾರಲಿಲ್ಲ. ಅದಕ್ಕೆ ಜನರ ಅಭಿರುಚಿಯನ್ನು ದೂರುವುದು ರೂಢಿ: ಭಾರತೀಯರಿಗೆ ಡಿಕ್ಕಿ ಬೇರೆಯಾಗಿ ಕಾಣಬೇಕು, ಇಲ್ಲದಿದ್ದರೆ ಅದು ಕಾರಲ್ಲ ಎನ್ನುವ ವಾದ. ಅದರಲ್ಲಿ ಅರ್ಧ ಸತ್ಯ ಇರಬಹುದು. ಆದರೆ ಗಾಡಿಯ ದೋಷವೂ ಕಡಿಮೆ ಇರಲಿಲ್ಲ. 1,948 ಸಿ.ಸಿ.ಯ, ಟರ್ಬೊ ಇಲ್ಲದ ಎಂಜಿನ್ ಕೊಡುತ್ತಿದ್ದದ್ದು ಎಪ್ಪತ್ತಕ್ಕೂ ಕಡಿಮೆ ಅಶ್ವಶಕ್ತಿ. ಎಳೆಯಬೇಕಾದ್ದು ಪಿಕಪ್ಪಿನ ಚಾಸಿ, ಉಕ್ಕಿನ ಮೈ, ಎ.ಸಿ., ಮೇಲೆ ಒಂದು ಕುಟುಂಬ. ಖಂಡಾಲಾ ಘಾಟಿನಲ್ಲಿ ಅದು ಹತ್ತುವ ವೇಗದಲ್ಲಿ ಮಾಲೀಕನಿಗೆ ಹೆಮ್ಮೆಪಡಲು ಹೆಚ್ಚೇನೂ ಇರಲಿಲ್ಲ. ಲೀಫ್ ಸ್ಪ್ರಿಂಗ್ ಖಾಲಿ ಗಾಡಿಯಲ್ಲಿ ಹಿಂದೆ ಕೂತವರನ್ನು ಎತ್ತಿ ಹಾಕುತ್ತಿತ್ತು. ಕಾರಿನ ಬೆಲೆ ಕೊಟ್ಟವನು ಪಿಕಪ್ಪಿನ ನಡಿಗೆಯನ್ನು ಸಹಿಸಬೇಕಿತ್ತು. ಸರಕಿನ ಜತೆ ಜನ ಹೋಗಬೇಕೆಂದರೆ ಮಾರುತಿ ಓಮ್ನಿ ಅದಕ್ಕಿಂತ ಎಷ್ಟೋ ಅಗ್ಗವಾಗಿತ್ತು.

1994ರಲ್ಲಿ ಟೆಲ್ಕೋ ಸುಮೋ ತಂದಿತು. ಪುಣೆಯ ಕಾರ್ಖಾನೆಯನ್ನು ಕಟ್ಟಿ ಬೆಳೆಸಿದ ಸುಮಂತ ಮೂಳಗಾಂವ್ಕರ್ ಅವರ ಹೆಸರಿನ ಎರಡು ತುಂಡು ಸೇರಿಸಿದ ಹೆಸರು ಅದು. ನಾಜೂಕಿನ ಸೋಗು ಹಾಕದ, ಡಬ್ಬದಂಥ, ಹತ್ತು ಜನ ಕೂರುವ ಗಾಡಿ. 1997ರೊಳಗೆ ಒಂದು ಲಕ್ಷಕ್ಕೂ ಹೆಚ್ಚು ಸುಮೋ ಮಾರಾಟವಾದವು. ಟ್ಯಾಕ್ಸಿ, ಪೊಲೀಸ್, ಚುನಾವಣೆ, ಮದುವೆ ದಿಬ್ಬಣ, ಶಬರಿಮಲೆ ಯಾತ್ರೆ ಎಲ್ಲದಕ್ಕೂ ಅದೇ. ಅಂಗಡಿಯಲ್ಲಿ ಎಸ್ಟೇಟನ್ನು ಹಿಂದಕ್ಕೆ ತಳ್ಳಿದ್ದು ಸುಮೋ. ಆದರೆ ಗ್ಯಾರೇಜಿನಲ್ಲಿ ಎಸ್ಟೇಟನ್ನು ಇಂದಿನವರೆಗೆ ಬದುಕಿಸಿದ್ದೂ ಸುಮೋನೇ.

ಕಾರಣ 483 ಎಂಬ ಸಂಖ್ಯೆ. ಟಾಟಾ ಎಂಜಿನ್ನುಗಳ ಹೆಸರಿನಲ್ಲಿ ಒಂದು ಸರಳ ಲೆಕ್ಕ ಇದೆ. ಮೊದಲ ಅಂಕಿ ಸಿಲಿಂಡರ್‌ಗಳ ಸಂಖ್ಯೆ, ಉಳಿದೆರಡು ಅಂಕಿ ಸಿಲಿಂಡರಿನ ಬೋರ್ ಎಷ್ಟು ಮಿ.ಮೀ. ಎನ್ನುವುದು. 483 ಎಂದರೆ ನಾಲ್ಕು ಸಿಲಿಂಡರ್, 83 ಮಿ.ಮೀ. ಟಾಟಾ ಲಾರಿಗಳ ಪ್ರಸಿದ್ಧ 697 ಎಂಜಿನ್ ಅದೇ ಲೆಕ್ಕದಲ್ಲಿ ಆರು ಸಿಲಿಂಡರ್, 97 ಮಿ.ಮೀ. ಎಸ್ಟೇಟ್‌ನಲ್ಲಿದ್ದದ್ದೂ 483, ಸಿಯೆರಾದಲ್ಲಿದ್ದದ್ದೂ 483, ಮೊದಲ ಸುಮೋಗಳಲ್ಲಿದ್ದದ್ದೂ 483. ಹಾಗಾಗಿ ಕೆಲವೇ ಜನ ಕೊಂಡ ಕಾರಿನ ಪಿಸ್ಟನ್, ಲೈನರ್, ಹೆಡ್ ಗ್ಯಾಸ್ಕೆಟ್‌ಗಳನ್ನು ಲಕ್ಷಾಂತರ ಜನ ಓಡಾಡಿದ ಗಾಡಿಯೊಂದು ಊರೂರಿನ ಅಂಗಡಿಗಳಲ್ಲಿ ಇರಿಸಿಬಿಟ್ಟಿತು. ಆಮದು ಭಾಗಗಳನ್ನು ನಂಬಿ ಬಂದ ಆ ಕಾಲದ ಎಷ್ಟೋ ನಾಜೂಕಿನ ಕಾರುಗಳಿಗೆ ಈ ಭಾಗ್ಯ ಇರಲಿಲ್ಲ. ಬೆಂಗಳೂರಿನ ಸಿಪಾನಿ ಕಂಪನಿ ಜೋಡಿಸಿದ ರೋವರ್ ಮಾಂಟೆಗೋ ಒಂದನ್ನು ಇಟ್ಟುಕೊಂಡವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿರುತ್ತದೆ.

ಅಗ್ಗಕ್ಕೆ ಸಿಗುವ ಎಸ್ಟೇಟ್ ಎಂದರೆ ಬಹುತೇಕ ಯಾವುದೋ ಶೆಡ್ಡಿನಲ್ಲೋ ಮರದಡಿಯಲ್ಲೋ ವರ್ಷಗಟ್ಟಲೆ ನಿಂತ ಗಾಡಿ. ಅಂಥದ್ದನ್ನು ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ನೋಡಬೇಕು. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡುವುದು ನ್ಯಾಯ. ಹೀಟರ್ ಪ್ಲಗ್ ಸತ್ತಿದ್ದರೆ ಬಹಳ ಹೊತ್ತು ತಿರುಗಿ ಬಿಳಿ ಹೊಗೆ ಬಿಟ್ಟು ಏಳುತ್ತದೆ. ಅದು ಸಣ್ಣ ಖರ್ಚು. ಎಕ್ಸಲರೇಟರ್ ಒತ್ತಿದಾಗ ಕಪ್ಪು ಹೊಗೆ ಬಂದರೆ ಪಂಪು, ನಾಝಲ್ ಕೆಲಸ. ಡೀಸೆಲ್ ಪಂಪು ಬಿಚ್ಚಿ ಕ್ಯಾಲಿಬ್ರೇಷನ್ ಮಾಡುವ ಅಂಗಡಿ ಟ್ರ್ಯಾಕ್ಟರ್ ಇರುವ ತಾಲ್ಲೂಕು ಕೇಂದ್ರಗಳಲ್ಲೆಲ್ಲ ಇರುತ್ತದೆ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದೆ, ಆಯಿಲ್ ಹಾಕುವ ಮುಚ್ಚಳ ತೆಗೆದರೆ ಬುಸುಬುಸು ಗಾಳಿ ಬರುತ್ತಿದ್ದರೆ ರಿಂಗು, ಪಿಸ್ಟನ್ ಸವೆದಿವೆ, ಎಂಜಿನ್ ಇಳಿಸಲೇಬೇಕು. ಅದು ದೊಡ್ಡ ಕೆಲಸ, ಆದರೆ ಗೊತ್ತಿರುವ ಕೆಲಸ. ಸುಮೋ ಟ್ಯಾಕ್ಸಿಗಳ ಮೇಲೆ ಕೈ ಪಳಗಿಸಿಕೊಂಡ ಮೇಸ್ತ್ರಿಗೆ ಅದಕ್ಕೆ ಪುಸ್ತಕ ಬೇಕಿಲ್ಲ.

ಕಷ್ಟವೆಲ್ಲ ಟಿಂಕರಿಂಗ್‌ನಲ್ಲಿ. ಕಾಲಡಿಯ ಕಾರ್ಪೆಟ್ ಎತ್ತಿ ಸ್ಕ್ರೂಡ್ರೈವರ್‌ನಿಂದ ತಗಡು ಕುಟ್ಟಿ ನೋಡಬೇಕು. ಹೊಸ ಬಣ್ಣ ಹೊಡೆದ ಎಸ್ಟೇಟ್‌ಗಿಂತ ಬಣ್ಣ ಮಾಸಿದ ಎಸ್ಟೇಟ್ ವಾಸಿ, ಏಕೆಂದರೆ ಮಾಸಿದ್ದು ಏನನ್ನೂ ಮುಚ್ಚಿಟ್ಟಿಲ್ಲ. ಮುಂಬೈ, ಚೆನ್ನೈ, ಮಂಗಳೂರಿನ ಉಪ್ಪುಗಾಳಿಯಲ್ಲಿ ನಿಂತ ಗಾಡಿಯಲ್ಲಿ ಪುಟ್ಟಿಯ ಕೆಳಗೆ ತಗಡೇ ಉಳಿದಿರುವುದಿಲ್ಲ. ಹೈದರಾಬಾದ್, ಪುಣೆಯ ಒಣ ಹವೆಯಲ್ಲಿ ಇದ್ದದ್ದಕ್ಕೆ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ನೆಲದ ತಗಡನ್ನು ಕತ್ತರಿಸಿ ಹೊಸದು ವೆಲ್ಡ್ ಮಾಡಬಹುದು. ಹಿಂದಿನ ದೀಪ, ಬಂಪರ್, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್, ಹಿಂಬದಿಯ ಪಕ್ಕದ ಗಾಜು ಇವುಗಳಿಗೆ ಮಾತ್ರ ಸುಮೋ ಒದಗುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿ ಸುತ್ತಿ ಹಳೆಯ ಗಾಡಿ ಒಡೆಯುವವರನ್ನು ಕೇಳುತ್ತಿರಬೇಕು. ಸಿಕ್ಕ ದಿನ ಬೇಕೋ ಬೇಡವೋ ಕೊಂಡಿಡಬೇಕು.

ಕಾಗದಪತ್ರದ ಕೆಲಸ ತುಕ್ಕಿಗಿಂತ ಹಠಮಾರಿ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಪರೀಕ್ಷೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು. ಈ ನವೀಕರಣದ ಶುಲ್ಕ ಬಹುಕಾಲ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ಆಯಿತು, 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000. ರಾಜ್ಯದ ಹಸಿರು ತೆರಿಗೆ ಬೇರೆ. ಅಗ್ಗದ ಗಾಡಿಗೆ ಇದು ಸಣ್ಣ ಮೊತ್ತವಲ್ಲ. ಸುಮೋದ ಎಂಜಿನ್ನನ್ನೇ ಇಡಿಯಾಗಿ ತಂದು ಕೂರಿಸಿದ್ದರೆ ಆ ಎಂಜಿನ್ ನಂಬರ್ ಆರ್.ಸಿ.ಯಲ್ಲಿ ದಾಖಲಾಗಿರಬೇಕು, ಚಾಸಿ ನಂಬರ್ ಸರಿಯಾಗಿದ್ದು ಎಂಜಿನ್ ನಂಬರ್ ಬೇರೆಯಿದ್ದರೆ ಆರ್.ಟಿ.ಒ. ಕಚೇರಿಯಲ್ಲಿ ಗಾಡಿ ಅಲ್ಲೇ ನಿಲ್ಲುತ್ತದೆ. ಎಷ್ಟೋ ವರ್ಷದ ಹಿಂದೆ ಯಾವನೋ ಮಾಲೀಕ ಮಾಡಿಸಿ ಮರೆತ ಬದಲಾವಣೆಗೆ ಇಂದು ಕೊಂಡವನು ಉತ್ತರ ಹೇಳಬೇಕಾಗುತ್ತದೆ.

ದೆಹಲಿಯ ಕತೆ ಇನ್ನೂ ಕಠಿಣ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ರಾಜಧಾನಿ ವಲಯದಲ್ಲಿ ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2000ಕ್ಕೇ ನಿಂತುಹೋದ ಡೀಸೆಲ್ ಕಾರಿಗೆ ಅದರ ಅರ್ಥ ಸ್ಪಷ್ಟ: ಅಲ್ಲಿದ್ದ ಎಸ್ಟೇಟ್‌ಗಳಲ್ಲಿ ಒಂದಕ್ಕೂ ರಿಯಾಯಿತಿ ಇರಲಿಲ್ಲ. ದೆಹಲಿಯ ಹವೆಯನ್ನು ಉಸಿರಾಡಿದವರು ಆ ತೀರ್ಪನ್ನು ಸುಲಭವಾಗಿ ತಪ್ಪೆನ್ನಲಾರರು. ಹಳೆಯ 483ರ ಹೊಗೆ ಹೊಗೆಯೇ. ಆದರೂ ನೆಟ್ಟಗಿದ್ದ ಗಾಡಿ ವಯಸ್ಸಿನ ಕಾರಣಕ್ಕೇ ಗುಜರಿಗೆ ಹೋಗುವುದನ್ನು ನೋಡಲಾಗದೆ ಎನ್.ಒ.ಸಿ. ಮಾಡಿಸಿ ಬೇರೆ ರಾಜ್ಯಕ್ಕೆ ಕೊಟ್ಟವರಿದ್ದಾರೆ. ಅಲ್ಲಿಂದ ಬಂದ ಗಾಡಿ ಕೊಳ್ಳುವವರು ಆ ಎನ್.ಒ.ಸಿ. ಕಾಗದವನ್ನು ಕಣ್ಣಾರೆ ಕಾಣದೆ ಮುಂಗಡ ಕೊಡಬಾರದು.

ಸುಮೋ ತಯಾರಿಕೆ 2019ರಲ್ಲಿ ನಿಂತಿತು. ಅಷ್ಟರಲ್ಲಿ ಸುಮೋದಲ್ಲೇ ಬೇರೆ ಎಂಜಿನ್ ಬಂದು ಬಹಳ ಕಾಲವಾಗಿತ್ತು. ಹಳೆಯ ಸುಮೋ ಟ್ಯಾಕ್ಸಿಗಳು ಒಂದೊಂದಾಗಿ ಗುಜರಿ ಸೇರುತ್ತಿರುವ ಈ ವರ್ಷಗಳಲ್ಲಿ 483ರ ಭಾಗಗಳು ಒಡೆಯುವವರ ಅಂಗಳದಲ್ಲಿ ಇನ್ನೂ ಧಾರಾಳ. ಅವು ಮುಗಿದ ಮೇಲೆ ಮತ್ತೆ ಬರುವುದಿಲ್ಲ. ಆದ್ದರಿಂದ ಎಸ್ಟೇಟ್ ಇಟ್ಟುಕೊಂಡವರು ಓಡದ ಇನ್ನೊಂದು ಎಸ್ಟೇಟನ್ನು ಕೊಂಡು ಹಿತ್ತಲಲ್ಲಿ ನಿಲ್ಲಿಸುವುದುಂಟು. ಮೊದಲು ಅದರ ಹಿಂದಿನ ದೀಪಗಳು ಹೋಗುತ್ತವೆ, ಆಮೇಲೆ ಪಕ್ಕದ ಗಾಜು, ಆಮೇಲೆ ಬಾಗಿಲು. ಕಡೆಗೆ ಉಳಿಯುವುದು ಪಿಕಪ್ಪಿನ ಚಾಸಿ ಒಂದೇ.