ಮುನ್ನೂರು ಜೀವಗಳ ಉಯಿಲು

ಕೆರಿಬಿಯನ್ ದ್ವೀಪಗಳ ತೋಟದೊಡೆಯ ಕ್ರಿಸ್ಟೋಫರ್ ಕಾಡ್ರಿಂಗ್ಟನ್ 1703ರಲ್ಲಿ ಬರೆದ ಉಯಿಲನ್ನು ಮೆಚ್ಚುವವರು ಅದನ್ನು ಅರ್ಧಕ್ಕೇ ಓದಿ ನಿಲ್ಲಿಸುತ್ತಾರೆ. ಆಕ್ಸ್‌ಫರ್ಡಿನ ಆಲ್ ಸೋಲ್ಸ್ ಕಾಲೇಜಿಗೆ ಗ್ರಂಥಾಲಯಕ್ಕೆಂದು 10,000 ಪೌಂಡು, ಜೊತೆಗೆ ತನ್ನ ಪುಸ್ತಕಗಳು. ಬಾರ್ಬಡೋಸ್‌ನ ಎರಡು ಕಬ್ಬಿನ ತೋಟಗಳು ಇಂಗ್ಲೆಂಡಿನ ಧರ್ಮಪ್ರಚಾರ ಸಂಘಕ್ಕೆ, ವೈದ್ಯವನ್ನೂ ದೇವಶಾಸ್ತ್ರವನ್ನೂ ಕಲಿಸುವ ವಿದ್ಯಾಲಯಕ್ಕಾಗಿ. ಅದೇ ಉಯಿಲಿನಲ್ಲಿ ಇನ್ನೊಂದು ಷರತ್ತಿದೆ: ತೋಟಗಳನ್ನು ಒಡೆಯಕೂಡದು, ಅಲ್ಲಿ ಸದಾ ಕನಿಷ್ಠ 300 ಕರಿಯ ಗುಲಾಮರಿರಬೇಕು. ದಾನ ಬೇರೆ, ದಂಧೆ ಬೇರೆ ಎನ್ನುವ ವಾದ ಈ ಷರತ್ತಿನ ಮುಂದೆ ನಿಲ್ಲುವುದಿಲ್ಲ.

ಈ ಮನೆತನದಲ್ಲಿ ಅಧಿಕಾರ, ತೋಟ ಎರಡೂ ಒಟ್ಟಿಗೇ ಬೆಳೆದವು. ಅಜ್ಜ ಬಾರ್ಬಡೋಸ್‌ಗೆ ಬಂದು, ಅಲ್ಲಿನ ಸಕ್ಕರೆ ಉದ್ಯಮಕ್ಕೆ ಬುನಾದಿ ಹಾಕಿದವರಲ್ಲೊಬ್ಬನಾದ ಜೇಮ್ಸ್ ಡ್ರ್ಯಾಕ್ಸ್‌ನ ಸೋದರಿಯನ್ನು ಮದುವೆಯಾದ. ಆ ನೆಂಟಸ್ತಿಕೆಯೇ ಅರ್ಧ ಬಂಡವಾಳ. ಅಪ್ಪ ಆಂಟಿಗುವಾದಲ್ಲಿ ಬೆಟ್ಟೀಸ್ ಹೋಪ್ ತೋಟ ಪಡೆದ, 1685ರಲ್ಲಿ ಬಾರ್ಬುಡಾ ದ್ವೀಪವನ್ನೇ ಗುತ್ತಿಗೆ ಹಿಡಿದ, 1689ರಲ್ಲಿ ಲೀವರ್ಡ್ ದ್ವೀಪಗಳ ಗವರ್ನರ್ ಆದ. 1698ರಲ್ಲಿ ಅಪ್ಪ ತೀರಿಕೊಂಡ ಮೇಲೆ ತೋಟಗಳ ಹಿಂದೆಯೇ ಗವರ್ನರ್‌ಗಿರಿಯೂ ಮಗನ ಕೈಗೆ ಬಂತು. ಕಾನೂನು ನಡೆಸುವವನೇ ಗುಲಾಮರ ಒಡೆಯನಾದರೆ ದೂರು ಒಯ್ಯುವುದು ಯಾರ ಬಳಿಗೆ?

ಅವನ ಕಾಲದಲ್ಲಿ ಎಲ್ಲರೂ ಹಾಗೇ ಇದ್ದರಲ್ಲ ಎನ್ನಬಹುದು. ಎಲ್ಲರೂ ಇರಲಿಲ್ಲ. ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್‌ನಲ್ಲಿ ಕ್ವೇಕರ್ ಪಂಥದ ಕೆಲವರು 1688ರಲ್ಲೇ ಗುಲಾಮಗಿರಿಯನ್ನು ಖಂಡಿಸಿ ಬರೆದಿದ್ದರು. ಕಾಡ್ರಿಂಗ್ಟನ್ ತಾನೇ ಬರೆದ ಪತ್ರವಂತೂ ಇನ್ನೂ ಗಟ್ಟಿ ಸಾಕ್ಷಿ. 1701ರ ಕ್ರಿಸ್‌ಮಸ್ ವೇಳೆ ಆಂಟಿಗುವಾದಲ್ಲಿ ಒಬ್ಬ ತೋಟದ ಒಡೆಯನನ್ನು ಅವನ ಗುಲಾಮರೇ ಕೊಂದರು. ಆಗ ಲಂಡನ್ನಿಗೆ ಬರೆದ ಗವರ್ನರ್, ಆಫ್ರಿಕದ ಗೋಲ್ಡ್ ಕೋಸ್ಟಿನಿಂದ ತಂದ ಕೊರಮಂಟೀ ಜನರ ಶೌರ್ಯ, ನಿಷ್ಠೆಗಳನ್ನು ಬಾಯಿತುಂಬ ಹೊಗಳಿದ. ಅವರನ್ನು ಗೆಳೆಯರಂತೆ ಕಾಣದವನಿಗೆ ಅವರ ಒಡೆಯನಾಗುವ ಯೋಗ್ಯತೆಯಿಲ್ಲವೆಂಬ ಅಪ್ಪನ ಮಾತನ್ನೂ ನೆನೆದ. ಅವರು ಮನುಷ್ಯರೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎರಡೇ ವರ್ಷಕ್ಕೆ ಆ 300ರ ಲೆಕ್ಕ ಬರೆದ.

ಗುಲಾಮರಿಗೆ ಧರ್ಮಬೋಧೆ ಸಿಗಲೆಂದೇ ತೋಟಗಳನ್ನು ಸಂಘಕ್ಕೆ ಕೊಟ್ಟ ಎನ್ನುವವರೂ ಇದ್ದಾರೆ. ಉದ್ದೇಶ ಪ್ರಾಮಾಣಿಕವೇ ಇರಬಹುದು. ಆದರೆ ಸಂಘದ ತೋಟದಲ್ಲಿ ಗುಲಾಮರ ಎದೆಯ ಮೇಲೆ ಕಾದ ಕಬ್ಬಿಣದಿಂದ ‘ಸೊಸೈಟಿ’ ಎಂದು ಬರೆ ಹಾಕುತ್ತಿದ್ದರು. ಹುಟ್ಟಿಗಿಂತ ಸಾವೇ ಹೆಚ್ಚಾಗಿ, ಕಡಿಮೆಬಿದ್ದ ಆಳುಗಳನ್ನು ಹಡಗಿನಿಂದ ಕೊಂಡು ತುಂಬಿಸಬೇಕಾಯಿತು. ಉಯಿಲಿನ ಷರತ್ತು ಪಾಲಿಸಲು ಬೇರೆ ದಾರಿಯೂ ಇರಲಿಲ್ಲ. 1833ರ ಕಾಯ್ದೆ ಗುಲಾಮಗಿರಿಯನ್ನು ರದ್ದುಮಾಡಿದಾಗ, ಆ ತೋಟಗಳ 411 ಮಂದಿಯ ಲೆಕ್ಕದಲ್ಲಿ ಸಂಘಕ್ಕೆ 8,823 ಪೌಂಡು ಪರಿಹಾರ ಬಂತು. ದುಡಿದವರಿಗೆ ಬಿಡಿಗಾಸೂ ಸಿಗಲಿಲ್ಲ.