ಸಿಟ್ಟು ಬಂತು, ಬಂತಂತೆ, ಬಂದಿರಬೇಕು

ಭಾನುವಾರ ಬೆಳಿಗ್ಗೆ ವಾಳೂಜಿನ ನಮ್ಮ ಮನೆಗೆ ಆರೇಳು ಮಕ್ಕಳು ಬರುತ್ತಾರೆ. ಅವರ ಅಪ್ಪಂದಿರು ಇಲ್ಲಿನ ಎಂಐಡಿಸಿ ಕಾರ್ಖಾನೆಗಳಲ್ಲಿ ಶಿಫ್ಟ್ ಕೆಲಸ ಮಾಡುವವರು, ಊರು ಬೀದರ್, ಕಲಬುರಗಿ ಕಡೆ. ಮಕ್ಕಳಿಗೆ ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ನಾವು ಮಾಡುವುದು ಇಷ್ಟೇ: ಮರಾಠಿಯಲ್ಲಿ ಒಂದು ಕತೆ ಓದುತ್ತೇವೆ, ಅದನ್ನೇ ಕನ್ನಡದಲ್ಲಿ ಹೇಳಿಕೊಳ್ಳುತ್ತೇವೆ.

ಈ ಮಳೆಗಾಲದಲ್ಲಿ ಸಾನೆ ಗುರೂಜಿಯವರ ‘ಶ್ಯಾಮ್‌ಚೀ ಆಈ’ ಓದುತ್ತಿದ್ದೆವು. ಈಜು ಕಲಿಯಲು ಹೆದರಿ ಶ್ಯಾಮ ಮನೆಯಲ್ಲಿ ಅಡಗಿ ಕೂರುವ ಪ್ರಸಂಗ ಬಂತು. ತಾಯಿ ಕೋಲಿನಿಂದ ಬಾರಿಸಿ ಅವನನ್ನು ಬಾವಿಗೆ ಕಳಿಸುತ್ತಾಳೆ. ಮಗನನ್ನು ಜನ ಹೇಡಿ ಎನ್ನಬಾರದು ಎಂಬುದು ಅವಳ ಕಾರಣ. ಓದಿ ಮುಗಿಸಿದಾಗ ಹತ್ತು ವರ್ಷದ ಹುಡುಗಿಯೊಬ್ಬಳು ಕೇಳಿದಳು: “ಅಕ್ಕಾ, ಅವರವ್ವನ ಮನಸ್ನ್ಯಾಗ ಏನಿತ್ತಂತ ಶ್ಯಾಮಗ ಹ್ಯಾಂಗ ಗೊತ್ತಾತು?”

ಮರಾಠಿ ಮನೆಗಳಲ್ಲಿ ಈ ಪುಸ್ತಕವನ್ನು ಕಣ್ಣೀರಿಟ್ಟು ಓದುವುದು ವಾಡಿಕೆ. ಹೀಗೊಂದು ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಉತ್ತರ ಹುಡುಕುತ್ತ ಪುಸ್ತಕದ ಚರಿತ್ರೆಗೇ ಹೋಗಬೇಕಾಯಿತು.

ಪಾಂಡುರಂಗ ಸದಾಶಿವ ಸಾನೆ ಹುಟ್ಟಿದ್ದು 1899ರಲ್ಲಿ, ಕೊಂಕಣದ ಪಾಲಗಡದಲ್ಲಿ. 1924ರಿಂದ ಅಮಳನೇರಿನ ಪ್ರತಾಪ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದರು, ವಿದ್ಯಾರ್ಥಿನಿಲಯವನ್ನೂ ನೋಡಿಕೊಂಡರು. 1930ರಲ್ಲಿ ಕೆಲಸ ಬಿಟ್ಟು ಸತ್ಯಾಗ್ರಹಕ್ಕಿಳಿದರು. ತಿರುಚಿರಾಪಳ್ಳಿಯ ಜೈಲಿನಲ್ಲಿ ತಮಿಳು ಕಲಿತು ತಿರುಕ್ಕುರಳನ್ನು ಮರಾಠಿಗೆ ತಂದರು. ಭಾರತೀಯರು ಒಬ್ಬರ ಭಾಷೆಯನ್ನೊಬ್ಬರು ಕಲಿಯಬೇಕು ಎಂಬ ‘ಆಂತರಭಾರತಿ’ಯ ಕನಸು ಅವರದು. 1932ರಲ್ಲಿ ಧುಳೆ ಜೈಲಿನಲ್ಲಿ ವಿನೋಬಾ ಭಾವೆ ಗೀತೆಯ ಮೇಲೆ ಪ್ರವಚನ ಮಾಡಿದಾಗ, ಅದನ್ನು ಬರೆದುಕೊಂಡವರು ಇವರೇ. ಮರುವರ್ಷ ನಾಸಿಕ್ ಜೈಲಿನಲ್ಲಿದ್ದಾಗ, ಫೆಬ್ರುವರಿ 9ರಿಂದ 13ರವರೆಗಿನ ಐದು ದಿನಗಳಲ್ಲಿ ‘ಶ್ಯಾಮ್‌ಚೀ ಆಈ’ಯ ಬಹುಪಾಲು ಬರೆದರು. ಪುಸ್ತಕ ಅಚ್ಚಾದದ್ದು 1935ರಲ್ಲಿ.

ಧುಳೆಯ ಬರವಣಿಗೆಯನ್ನೂ ನಾಸಿಕ್‌ನ ಬರವಣಿಗೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಧುಳೆಯಲ್ಲಿ ಗುರು ಎದುರಿಗೇ ಕೂತು ಮಾತಾಡುತ್ತಿದ್ದರು, ಶಿಷ್ಯ ಕೇಳಿ ಬರೆದುಕೊಂಡ. ನಾಸಿಕ್‌ನಲ್ಲಿ ಎದುರಿಗೆ ಯಾರೂ ಇರಲಿಲ್ಲ. ತಾಯಿ ಯಶೋದಾಬಾಯಿ ತೀರಿಕೊಂಡದ್ದು 1917ರಲ್ಲಿ. ಹದಿನೈದು ವರ್ಷ ಕಳೆದ ಮೇಲೆ, ತಾನೂ ಮೇಷ್ಟ್ರಾಗಿ ನೂರಾರು ಮಕ್ಕಳನ್ನು ಕಂಡ ಮೇಲೆ, ಮಗ ಅವಳ ಮಾತುಗಳನ್ನು ನೆನಪಿನಿಂದ ಕಟ್ಟಿದ.

ಹಾಗಾಗಿ ಈ ಪುಸ್ತಕದಲ್ಲಿ ಇಬ್ಬರು ಶ್ಯಾಮರಿದ್ದಾರೆ. ಏಟು ತಿನ್ನುವ ಹುಡುಗ ಒಬ್ಬ. ರಾತ್ರಿ ಹೊತ್ತು ಆಶ್ರಮದ ಗೆಳೆಯರ ನಡುವೆ ಕೂತು ಆ ಕತೆ ಹೇಳುವ ದೊಡ್ಡವ ಇನ್ನೊಬ್ಬ. ಅಧ್ಯಾಯಗಳ ಹೆಸರೇ ‘ಮೊದಲ ರಾತ್ರಿ’, ‘ಎರಡನೆಯ ರಾತ್ರಿ’ ಎಂದು ಸಾಗುತ್ತದೆ. ಹುಡುಗನಿಗೆ ಗೊತ್ತಿದ್ದದ್ದು ನೋವು ಮತ್ತು ಬಾವಿಯ ಭಯ. ಅದಕ್ಕೆ ಅರ್ಥ ಕೊಟ್ಟವನು ದೊಡ್ಡವ, ಅಂದರೆ ಮೇಷ್ಟ್ರು. ಕಲಿಸಿದ ತಾಯಿ ಮಾತ್ರ ಮಗನ ಬಾಯಿಂದಲೇ ಮಾತಾಡಬೇಕು. ಹುಡುಗಿ ಕೇಳಿದ್ದು ಇದನ್ನೇ.

ಇದನ್ನು ಮಕ್ಕಳಿಗೆ ಹೇಗೆ ತೋರಿಸುವುದು? ‘ದೃಷ್ಟಿಕೋನ’ ಎಂದರೆ ಅವರು ಆಕಳಿಸುತ್ತಾರೆ. ನಾನು ಕ್ರಿಯಾಪದದ ಬಾಲ ಹಿಡಿದೆ. ‘ಅವ್ವನಿಗೆ ಸಿಟ್ಟು ಬಂತು’ ಎಂದರೆ ಹೇಳುವವನು ಅದಕ್ಕೆ ತಾನೇ ಹೊಣೆ ಹೊರುತ್ತಾನೆ. ‘ಬಂತಂತೆ’ ಎಂದರೆ ಬೇರೆಯವರು ಹೇಳಿ ಗೊತ್ತು. ‘ಬಂದಿರಬೇಕು’ ಎಂದರೆ ಊಹೆ. ಮರಾಠಿಯಲ್ಲೂ ಇದೇ ಏರ್ಪಾಡು: ‘ರಾಗ್ ಆಲಾ’, ‘ರಾಗ್ ಆಲಾ ಮ್ಹಣೇ’, ‘ರಾಗ್ ಆಲಾ ಅಸಾವಾ’. ಒಂದು ದ್ರಾವಿಡ, ಇನ್ನೊಂದು ಆರ್ಯ ಭಾಷೆ, ಆದರೂ ಈ ವಿಷಯದಲ್ಲಿ ಎರಡೂ ಒಂದೇ ಓಣಿಯವು.

ಒಂದು ಪುಟ ಹರಿದು ಮೂರು ಅಂಕಣ ಹಾಕಿದೆವು: ಹುಡುಗ ಶ್ಯಾಮ, ದೊಡ್ಡ ಶ್ಯಾಮ, ಅವ್ವ. ಪ್ರಸಂಗದ ಒಂದೊಂದು ವಾಕ್ಯವನ್ನೂ ಸರಿಯಾದ ಬಾಲ ಹಚ್ಚಿ ಬರೆಯಬೇಕು. ಮೊದಲ ಅಂಕಣ ‘ಬಂತು’ಗಳಿಂದ ತುಂಬಿತು. ಅವ್ವನ ಅಂಕಣದಲ್ಲಿ ‘ಬೇಕು’ ಬಿಟ್ಟು ಬೇರೇನೂ ಬರಲಿಲ್ಲ. ಅದನ್ನು ಕಂಡು ಮಕ್ಕಳು ತಾವೇ ಸುಮ್ಮನಾದರು.

ಬೇರೆ ಪುಸ್ತಕಗಳಿಗೂ ಇದು ಒಗ್ಗುತ್ತದೆ. ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ದಲ್ಲಿ ನಾಲ್ಕನೆಯ ತರಗತಿಗೆ ಹೊಸ ರೀತಿಯಲ್ಲಿ ಪಾಠ ಮಾಡುವ ಮೇಷ್ಟ್ರೇ ‘ನಾನು’. ಮಕ್ಕಳಿಗೆ ಖುಷಿಯಾಯಿತು ಎಂದು ಹೇಳುವವನೂ ಆತನೇ. ಜಪಾನಿನ ‘ತೊತ್ತೋಚಾನ್’ ಮಗುವಿನ ಕಣ್ಣಿನಿಂದ ಕಂಡ ಕತೆ. ಹಳೆಯ ಶಾಲೆಯಿಂದ ತನ್ನನ್ನು ಹೊರಹಾಕಿದ್ದರು ಎಂಬುದು ಆ ಹುಡುಗಿಗೆ ಇಪ್ಪತ್ತು ದಾಟುವವರೆಗೂ ಗೊತ್ತಿರಲಿಲ್ಲ, ತಾಯಿ ಹೇಳಿರಲಿಲ್ಲ. ಯಾರಿಗೆ ಏನು ಗೊತ್ತು, ಯಾವಾಗ ಗೊತ್ತಾಯಿತು ಎಂದು ಕೇಳಿದರೆ ಸಾಕು, ಕಾದಂಬರಿಯ ಅರ್ಧ ಗುಟ್ಟು ಕೈಗೆ ಸಿಗುತ್ತದೆ.

ಆ ರಾತ್ರಿ ನನ್ನದೇ ಒಂದು ಕತೆಗೆ ಅಂಕಣ ಹಾಕಿದೆ. ಐದನೆಯ ತರಗತಿಯಲ್ಲಿ, ಪುಸ್ತಕದ ಮಾತಿನ ಬದಲು ಮನೆಮಾತಿನಲ್ಲಿ ಉತ್ತರ ಹೇಳಿದ್ದಕ್ಕೆ ಮೇಷ್ಟ್ರೊಬ್ಬರು ಅಂಗೈಗೆ ಕೋಲಿನಿಂದ ಹೊಡೆದಿದ್ದರು. ನಾನು ಭಾಷಾಶಾಸ್ತ್ರ ಓದಿದ್ದೇ ಅದರಿಂದ ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ‘ಅವರಿಗೆ ನಮ್ಮ ಮಾತು ಕಂಡರೆ ಅಸಹ್ಯವಿತ್ತು’ ಎಂಬುದು ನನ್ನ ಖಾಯಂ ವಾಕ್ಯ. ಬಾಲ ಪರೀಕ್ಷಿಸಿದರೆ ‘ಇದ್ದಿರಬೇಕು’ ಎನ್ನುವುದಷ್ಟೇ ನ್ಯಾಯ. ಖಚಿತವಾಗಿ ಗೊತ್ತಿದ್ದದ್ದು ಎರಡೇ: ಒಂದು ಕೋಣೆಯಲ್ಲಿ ಎರಡು ತರಗತಿ ಕೂರುತ್ತಿದ್ದೆವು, ನನ್ನ ಅಂಗೈ ಊದಿತ್ತು.

ಇದರರ್ಥ ಏಟನ್ನು ಮನ್ನಿಸಬೇಕು ಎಂದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಮಕ್ಕಳನ್ನು ದಂಡಿಸುವುದನ್ನು ನಿಷೇಧಿಸಿದೆ, ಮೇಷ್ಟ್ರ ಮನಸ್ಸಿನಲ್ಲಿ ಏನಿತ್ತು ಎಂದು ಅದು ಕೇಳುವುದಿಲ್ಲ. ಕೇಳಬಾರದು ಕೂಡ. ಕಾರಣ ತಿಳಿಯುವುದು ಬೇರೆ, ಒಪ್ಪುವುದು ಬೇರೆ. ಆದರೆ ಊಹೆಯನ್ನು ಊಹೆ ಎಂದೇ ಹೇಳಲು ಬಾರದ ಮಗು ನಾಳೆ ಪಕ್ಕದ ಭಾಷೆಯವರ, ಪಕ್ಕದ ಕೇರಿಯವರ ಮನಸ್ಸಿನ ಬಗ್ಗೆಯೂ ‘ಬಂತು’ ಎಂದೇ ಮಾತಾಡುತ್ತದೆ. ಹಾಗೆ ಮಾತಾಡುವ ದೊಡ್ಡವರು ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿದ್ದಾರೆ.

ಮುಂದಿನ ಭಾನುವಾರ ಅದೇ ಹುಡುಗಿ ತನ್ನ ಹಾಳೆ ತಂದಿದ್ದಳು. ಅವ್ವನ ಅಂಕಣದಲ್ಲಿ ‘ಸಿಟ್ಟು ಬಂದಿರಬೇಕು’ ಎಂಬುದನ್ನು ಹೊಡೆದುಹಾಕಿ ‘ಅಂಜಿಕಿ ಬಂದಿರಬೇಕು’ ಎಂದು ಬರೆದಿದ್ದಳು. ಯಾಕೆ ಎಂದು ಕೇಳಿದೆ.

“ನಮ್ಮವ್ವಗ ಕೇಳ್ದೆ,” ಅಂದಳು.